ಚೀನಾ ಕಾರಿಗೆ ಅರಿಶಿನ ಕುಂಕುಮ

"ಅಮ್ಮಾ, ಈಸ್ ಗುರುಲಿಂಗಪ್ಪ ಅಂಕಲ್ ಅಲರ್ಜಿಕ್ ಟು ಅವರ್ ಕಾರ್?"

ನನ್ನ ಆರು ವರ್ಷದ ಮಗಳು ಮಾನ್ಯಾ ಈ ಪ್ರಶ್ನೆ ಕೇಳಿದಾಗ ನಾವು ಅಮೆರಿಕದ ಮಿಶಿಗನ್ನಿನ ಕ್ಯಾಂಟನ್ ಊರಿನ ಹಿಮದಲ್ಲಿ ಜಾರದಂತೆ ಬಾತುಕೋಳಿ ನಡಿಗೆ ನಡೆಯುತ್ತಿದ್ದೆವು. ನನ್ನ ಕೈಯಲ್ಲಿ ಬಿಸಿಬೇಳೆಬಾತಿನ ಡಬ್ಬಿ. ಬಿಸಿ ಎನ್ನುವುದು ಆಗಲೇ ಹೆಸರಿಗೆ ಮಾತ್ರ ಉಳಿದಿತ್ತು. ಕಾರನ್ನು ರಸ್ತೆಯ ತುದಿಯಲ್ಲಿ ಬಿಟ್ಟು ಬಂದಿದ್ದೆವು. ಏಕೆಂದರೆ ಗುರುಲಿಂಗಪ್ಪ ಅಂಕಲ್ ಮನೆಯ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ಒಂದು ಬೋರ್ಡಿದೆ: ‘ಅಮೆರಿಕದ ಕಾರುಗಳಿಗೆ ಮಾತ್ರ.’ ಅವರು ನಿವೃತ್ತರಾದಾಗ ಸಹೋದ್ಯೋಗಿಗಳು ತಮಾಷೆಗೆ ಕೊಟ್ಟ ಬೋರ್ಡಂತೆ ಅದು. ಅಂಕಲ್ ಅದನ್ನು ಸಂವಿಧಾನದಂತೆ ಪಾಲಿಸುತ್ತಾರೆ. ನಮ್ಮದೋ, ಹನ್ನೊಂದು ವರ್ಷದ ಜಪಾನಿ ಮುದುಕ.

ಅಂಕಲ್ ಗದಗಿನವರು. ಡೆಟ್ರಾಯಿಟ್ ಕಾರು ಕಂಪನಿಯೊಂದರಲ್ಲಿ ಮೂವತ್ತೊಂದು ವರ್ಷ ಕಾರಿನ ಬಾಗಿಲು, ಮುಚ್ಚಳ, ಚಿಲಕಗಳ ಇಂಜಿನಿಯರ್ ಆಗಿದ್ದವರು. ಅವತ್ತು ಊಟ ಮಾಡುತ್ತಾ ನಾನು ಬೇಕೆಂದೇ ಕೆಣಕಿದೆ.

"ಅಂಕಲ್, ಚೀನಾದ ಎಲೆಕ್ಟ್ರಿಕ್ ಕಾರುಗಳು ತುಂಬಾ ಅಗ್ಗವಂತೆ. ಇಲ್ಲಿ ಒಂದರ ದುಡ್ಡಲ್ಲಿ ಅಲ್ಲಿ ಎರಡು ಬರುತ್ತಂತೆ. ಅವನ್ನ ಅಮೆರಿಕದೊಳಗೆ ಯಾಕೆ ಬಿಡಲ್ಲ?"

"ಎರಡು ಬರ್ತಾವು. ಅದರ ಹಿಂದs ಕಾರ್ ಕಂಪನಿ ನಂಬಿದ ಈ ಕ್ಯಾಂಟನ್ ಅರ್ಧಾ ಖಾಲಿ ಆಗತೈತಿ. ಮೊದಲು ನಿನ್ನ ಗಂಡನ ಕೆಲಸಾನs ಹೋಗತೈತಿ, ತಿಳಕೋ ತಂಗಿ."

"ನಿಮ್ಮ ಕಂಪನಿಯವರು ಸಣ್ಣ ಕಾರು ಮಾಡೋದನ್ನೇ ನಿಲ್ಲಿಸಿಬಿಟ್ರಲ್ಲ! ಶೋರೂಮ್ ತುಂಬಾ ಆಳೆತ್ತರದ ಪಿಕಪ್ ಟ್ರಕ್ಕು. ನಾನು ಸೀರೆ ಉಟ್ಕೊಂಡು ಅದನ್ನ ಹತ್ತಬೇಕಾದ್ರೆ ಅಗ್ನಿಶಾಮಕದವರನ್ನ ಕರೀಬೇಕು!"

"ಅಗ್ಗಾ ಅಂದ್ರ ಹಗುರ. ಹಗುರ ಅಂದ್ರ ಇಲ್ಲಿ ಚಳಿಗಾಲದಾಗ ಪಟಕ್ ಅಂತ ಮುರೀತೈತಿ. ಬಾತ್ ಹಾಕು ಇನ್ನೊಂದೀಟು."

ನನಗೆ ಮೈಯೆಲ್ಲಾ ಉರಿಯಿತು. ಬಾತನ್ನು ಮಾತ್ರ ಧಾರಾಳವಾಗಿಯೇ ಬಡಿಸಿದೆ. ಮನೆಗೆ ಬಂದವಳೇ ಡೈರಿ ತೆಗೆದು ಬರೆದೆ: ‘ಗುರುಲಿಂಗಪ್ಪ ಅಂಕಲ್ ಬಾಯಲ್ಲೇ ಚೀನಾ ಕಾರನ್ನು ಹೊಗಳಿಸದಿದ್ದರೆ ನನ್ನ ಹೆಸರು ಸುಹಾಸಿನಿಯೇ ಅಲ್ಲ!’ ಕೆಳಗೆ ಎರಡು ಗೆರೆ ಬೇರೆ ಎಳೆದೆ.

ದೇವರು ಇಂಥ ಪ್ರತಿಜ್ಞೆಗಳನ್ನು ಬಹಳ ಬೇಗ ಓದಿಬಿಡುತ್ತಾನೆ! ಮುಂದಿನ ಶುಕ್ರವಾರ ಸಂಜೆ ನನ್ನ ಯಜಮಾನರಾದ ಶ್ರೀಕಾಂತ್ ಮನೆಗೆ ಬಂದದ್ದೇ ಒಂದು ಪುಟ್ಟ, ಪಿಸ್ತಾ ಬಣ್ಣದ, ದುಂಡು ಮುಖದ ಚೀನಾ ಕಾರಿನಲ್ಲಿ!

ಅವರ ಕೆಲಸವೇ ಅದು. ತಮ್ಮ ಕಂಪನಿಯ ಪ್ರತಿಸ್ಪರ್ಧಿಗಳ ಕಾರನ್ನು ತರಿಸಿ, ಕೊನೆಯ ತಿರುಪಿನವರೆಗೂ ಬಿಚ್ಚಿ, ಒಂದೊಂದು ಭಾಗವನ್ನೂ ತೂಗಿ, ನಂಬರ್ ಅಂಟಿಸಿ, ‘ಇವರು ಇಷ್ಟು ಅಗ್ಗವಾಗಿ ಹೇಗೆ ಮಾಡಿದರು?’ ಎಂದು ತಲೆ ಕೆರೆದುಕೊಳ್ಳುವ ಲ್ಯಾಬು ಅವರದು. ಬಿಚ್ಚುವ ಮೊದಲು ಇಂಜಿನಿಯರುಗಳು ಸರದಿಯ ಮೇಲೆ ಮನೆಗೊಯ್ದು ಓಡಿಸಿ ನೋಡಬಹುದು.

"ಸೋಮವಾರ ಬೆಳಿಗ್ಗೆ ಎಂಟಕ್ಕೆ ವಾಪಸ್ ಕೊಡಬೇಕು. ಒಂದು ಗೀರು ಬಿದ್ದಿರಬಾರದು. ಇರೋದು ಇದೊಂದೇ ಕಾರು," ಎಂದರು ಶ್ರೀಕಾಂತ್. ಅವರು ಆ ಕೆಲಸಕ್ಕೆ ಸೇರಿ ಐದೇ ತಿಂಗಳು. ನಮ್ಮ ವೀಸಾ ಆ ಕೆಲಸದ ಮೇಲೆ ನಿಂತಿತ್ತು. ನಾವೆಲ್ಲ ವೀಸಾದ ಮೇಲೆ ನಿಂತಿದ್ದೆವು.

"ನಾನೇನು ಕಾರಿಗೆ ಗೀರು ಹಾಕ್ತೀನಾ?" ಎಂದೆ ಗತ್ತಿನಿಂದ. ನಿಜಕ್ಕೂ ಗೀರು ಹಾಕಲಿಲ್ಲ, ಆಣೆಗೂ!

ಶನಿವಾರ ಬೆಳಿಗ್ಗೆ ಮಾನ್ಯಾ ಕಾರಿನ ಸುತ್ತ ಎರಡು ಸುತ್ತು ಬಂದು, "ನ್ಯೂ ಕಾರ್! ವೇರ್ ಈಸ್ ದ ಪೂಜಾ?" ಎಂದಳು. ಅವಳ ಸೈಕಲ್ಲಿಗೆ, ಲಂಚ್ ಬಾಕ್ಸಿಗೆ, ಕೊನೆಗೆ ಹಲ್ಲುಜ್ಜುವ ಬ್ಯಾಟರಿ ಬ್ರಷ್ಷಿಗೂ ಪೂಜೆಯಾಗಿತ್ತು. ಇದಕ್ಕೆ ಬೇಡ ಎನ್ನಲು ಯಾವ ಬಾಯಿ?

"ಸೋಮವಾರ ಬಿಚ್ಚಿ ಹಾಕೋ ಕಾರಿಗೆ ಪೂಜೆ ಏನೇ!" ಶ್ರೀಕಾಂತ್ ಹೌಹಾರಿದರು.

"ಆಪರೇಷನ್ನಿಗೆ ಹೋಗೋರಿಗೂ ಕುಂಕುಮ ಇಟ್ಟೇ ಕಳಿಸೋದು ಕಣ್ರೀ."

ಚಕ್ರಗಳಿಗೆ ನಾಲ್ಕು ನಿಂಬೆಹಣ್ಣಿಟ್ಟೆ. ಕಾರಿನ ಮೂತಿಯ ನಟ್ಟನಡುವೆ ಅಂಗೈಯಗಲದ ಒಂದು ಚೌಕವಿತ್ತು. ಅಚ್ಚುಕಟ್ಟಾದ ಹಣೆಯಂತೆ! ಅದರ ತುಂಬಾ ಅರಿಶಿನ ಕಲಸಿ ಬಳಿದು, ಮಧ್ಯೆ ಕಾಸಿನಗಲ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು ಕಾಯಿನೀರನ್ನು ಅಲ್ಲಿಗೇ ಸುರಿದೆ. ಫೋಟೋ ಹೊಡೆದು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದೆ: ‘ನಮ್ಮ ಮನೆಗೆ ಬಂದ ಚೀನಾ ಲಕ್ಷ್ಮಿ!’ ನಲವತ್ತೆರಡು ಜನ ಹೃದಯ ಒತ್ತಿದರು. ಗುರುಲಿಂಗಪ್ಪ ಅಂಕಲ್ ಹೆಬ್ಬೆರಳನ್ನು ಕೆಳಕ್ಕೆ ತೋರಿಸಿದರು. ನನಗೆ ಆ ಒಂದು ಹೆಬ್ಬೆರಳೇ ಸಾಕಿತ್ತು!

ಅವತ್ತೆಲ್ಲ ಮೆರವಣಿಗೆ. ಇಂಡಿಯನ್ ಸ್ಟೋರಿಗೆ ಹೋದೆವು, ಲೈಬ್ರರಿಗೆ ಹೋದೆವು, ಏನೂ ಬೇಡದಿದ್ದರೂ ಮತ್ತೆ ಇಂಡಿಯನ್ ಸ್ಟೋರಿಗೆ ಹೋದೆವು. ಭಾನುವಾರ ಬೆಳಿಗ್ಗೆ ಚಾರ್ಜು ಎಂಟು ಪರ್ಸೆಂಟಿಗೆ ಇಳಿದಿತ್ತು. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಅಂದರೆ ಸೊನ್ನೆಗಿಂತ ಹದಿಮೂರು ಸೆಲ್ಸಿಯಸ್ ಕೆಳಗೆ. ಲ್ಯಾಬು ಮೂವತ್ತೈದು ಮೈಲಿ ದೂರ.

ಶ್ರೀಕಾಂತ್ ಚಾರ್ಜಿಂಗ್ ಕೇಬಲ್ ಹಿಡಿದು ಹೊರಗೆ ಹೋದವರು ಅಲ್ಲಿಂದಲೇ ಕೂಗಿದರು. "ಸುಹಾಸಿನೀ! ಅರಿಶಿನ ಎಲ್ಲಿಗೆ ಹಚ್ಚಿದ್ದು ನೀನು?"

"ಹಣೆಗೆ!"

"ಅದು ಹಣೆಯಲ್ಲ ಕಣೆ, ಚಾರ್ಜಿಂಗ್ ಮುಚ್ಚಳ!"

ಓಡಿಹೋಗಿ ನೋಡಿದೆ. ಕಾಯಿನೀರು ಸಂದಿಗೆ ಇಳಿದು ಹೆಪ್ಪುಗಟ್ಟಿತ್ತು. ಅದರ ಮೇಲೆ ಅರಿಶಿನ ಕಲ್ಲಾಗಿತ್ತು. ಒತ್ತಿದರೆ ತೆರೆದುಕೊಳ್ಳಬೇಕಾದ ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ನಾನು ತಕ್ಷಣ ಒಂದು ಚೊಂಬು ಬಿಸಿನೀರು ಹುಯ್ದೆ. ಎರಡು ನಿಮಿಷದಲ್ಲಿ ಅದೂ ಹೆಪ್ಪುಗಟ್ಟಿತು. ಕಾಯಿನೀರು, ಅರಿಶಿನ, ಕುಂಕುಮ, ಬಿಸಿನೀರು: ನಾಲ್ಕು ಪದರದ ಬರ್ಫಿ! ನಮ್ಮ ಗ್ಯಾರೇಜಿನೊಳಗೆ ತರೋಣವೆಂದರೆ ಅಲ್ಲಿ ಜಪಾನಿ ಮುದುಕನೂ ಇಪ್ಪತ್ತೆರಡು ರಟ್ಟಿನ ಪೆಟ್ಟಿಗೆಗಳೂ ತುಂಬಿದ್ದವು. ಹೇರ್ ಡ್ರೈಯರ್ ಹಚ್ಚಿದೆ. ಗ್ಯಾರೇಜಿನ ಕರೆಂಟೇ ಹೋಯಿತು.

ಶ್ರೀಕಾಂತ್ ಫೋನಿನಲ್ಲಿ ಉಪಾಯ ಹುಡುಕಲು ಒಳಗೆ ಹೋದರು. ನಾನು ಅಡುಗೆಮನೆಯಿಂದ ದೋಸೆ ಮಗುಚುವ ಸಟ್ಟುಗ ತಂದು, ಅದಕ್ಕೆ ಬಟ್ಟೆ ಸುತ್ತಿ, ಗೀರು ಬೀಳದಂತೆ ಸಂದಿಗಿಟ್ಟು ಮೀಟತೊಡಗಿದೆ. ಕೆಳಗಿಂದ ಮೀಟಿದೆ, ಪಕ್ಕದಿಂದ ಮೀಟಿದೆ, ಕಾಲನ್ನು ಬಂಪರಿಗೆ ಒತ್ತಿಕೊಂಡು ಮೀಟಿದೆ. ಅರ್ಧ ಗಂಟೆಯಾಯಿತು. ಸಟ್ಟುಗ ಬಿಲ್ಲಿನಂತೆ ಬಾಗಿತು. ಮುಚ್ಚಳ ಕದಲಲಿಲ್ಲ. ಬಾಗಿಲ ಸದ್ದಾದೊಡನೆ ಸಟ್ಟುಗವನ್ನು ಕೋಟಿನ ಜೇಬಿಗೆ ತುರುಕಿದೆ.

ಹೊರಗೆ ಬಂದ ಶ್ರೀಕಾಂತ್ ಕುಸಿದು ಕೂತರು. "ಮುರಿದ್ರೆ ನನ್ನ ಕಥೆ ಮುಗೀತು. ಟೋ ಗಾಡಿಯಲ್ಲಿ ಎಳೆಸಿಕೊಂಡು ಹೋದ್ರೆ ಯಾಕೆ ಅಂತ ಕೇಳ್ತಾರೆ. ತೆಗೀದೇ ಹೋದ್ರೆ ನಾಳೆ ಲ್ಯಾಬಲ್ಲಿ ನಿನ್ನ ಕುಂಕುಮಕ್ಕೂ ಒಂದು ಪಾರ್ಟ್ ನಂಬರ್ ಬೀಳುತ್ತೆ."

ಅವರ ಮೂಗು ಚಳಿಗೆ ಕೆಂಪಾಗಿತ್ತು, ದನಿ ತೆಳ್ಳಗಾಗಿತ್ತು. ನನಗೆ ಅಯ್ಯೋ ಅನಿಸಿತು. ಮಾನ್ಯಾ ಬಂದು ಅಪ್ಪನ ಕೊರಳಿಗೆ ತನ್ನ ಮಫ್ಲರ್ ಸುತ್ತಿದಳು. ಮುಚ್ಚಳ, ಚಿಲಕ ಗೊತ್ತಿರುವ ಮನುಷ್ಯ ಈ ಊರಿನಲ್ಲಿ ಯಾರೆಂದು ನನಗೆ ಗೊತ್ತಿತ್ತು. ಹಲ್ಲು ಕಚ್ಚಿ ಫೋನ್ ಮಾಡಿದೆ.

"ಅಂಕಲ್, ಚೀನಾ ಕಾರಿನ ಚಾರ್ಜಿಂಗ್ ಮುಚ್ಚಳ ಹೆಪ್ಪುಗಟ್ಟಿದೆ. ನಿಮಗೆ ಮುಟ್ಟಕ್ಕೆ ಇಷ್ಟ ಇಲ್ಲಾಂದ್ರೆ ದೂರದಲ್ಲೇ ನಿಂತ್ಕೊಂಡು ಹೇಳಿ, ನಾನು ಮಾಡ್ತೀನಿ. ಆದ್ರೆ ಒಂದು ಮಾತು. ಕಾರಿಂದು ತಪ್ಪಿಲ್ಲ. ತಪ್ಪು ಕಾಯಿನೀರಿಂದು!"

ಆ ಕಡೆಯಿಂದ ಒಂದೇ ಪ್ರಶ್ನೆ: "ಎಷ್ಟು ಚಾರ್ಜ್ ಐತಿ?"

"ಎಂಟು ಪರ್ಸೆಂಟ್."

"ನನ್ನ ಗ್ಯಾರೇಜಿನಾಗ ಹೀಟರ್ ಐತಿ. ಸೀದಾ ಒಳಗ ತಗೊಂಡು ಬರ್ರಿ. ಬೋರ್ಡ್ ನೋಡಬ್ಯಾಡ್ರಿ."

ಅರ್ಧ ಮೈಲಿ ದೂರವನ್ನು ಉಸಿರು ಬಿಗಿಹಿಡಿದು ದಾಟಿದೆವು. ಗ್ಯಾರೇಜಿನಲ್ಲಿ ಅಂಕಲ್ ತಮ್ಮ ಕಂಪನಿಯ ಹೊಳೆಯುವ ಎಲೆಕ್ಟ್ರಿಕ್ ಕಾರನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ್ದರು. ಹೀಟರನ್ನು ಕಾರಿನ ಮೂತಿಗೆ ತಿರುಗಿಸಿ, ಬಿಸಿ ಬಟ್ಟೆ ಒತ್ತಿ, ಕಿವಿಯನ್ನು ಮುಚ್ಚಳಕ್ಕೆ ಆನಿಸಿ ಬೆರಳಲ್ಲಿ ಟಕ್ ಟಕ್ ಎಂದು ಬಡಿದರು. ಮಗುವಿನ ಎದೆಬಡಿತ ನೋಡುವ ಡಾಕ್ಟರಂತೆ! ಅರಿಶಿನ ನೀರಾಗಿ ಅವರ ಬಿಳಿ ಶೂ ಮೇಲೆ ಇಳಿಯಿತು. ಇಪ್ಪತ್ತು ನಿಮಿಷ. ಹೆಬ್ಬೆರಳಿನಿಂದ ಮೂಲೆಯಲ್ಲಿ ಮೆಲ್ಲಗೆ ಒತ್ತಿದರು. ಟಪ್! ಮುಚ್ಚಳ ತೆರೆಯಿತು.

ಶ್ರೀಕಾಂತ್ ಕೇಬಲ್ ಸಿಕ್ಕಿಸಿದರು. ಹಸಿರು ದೀಪ ಹತ್ತಿತು. ಅವರು ಅಂಕಲ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಒರೆಸುವ ಬಟ್ಟೆ ಹಿಡಿದು ಬಗ್ಗಿದೆ. ಒಂದು ಗೀರಿಲ್ಲ, ಒಂದು ಸೀಳಿಲ್ಲ.

ಅಂಕಲ್ ಮಾತ್ರ ಅಲ್ಲಿಂದ ಏಳಲಿಲ್ಲ. ಕನ್ನಡಕ ಹಣೆಗೇರಿಸಿ ಮುಚ್ಚಳವನ್ನು ಮುಚ್ಚಿದರು, ತೆರೆದರು, ಮುಚ್ಚಿದರು, ತೆರೆದರು.

"ಒಂದs ಪ್ಲಾಸ್ಟಿಕ್. ಬಿಜಾಗರಿ ಇಲ್ಲ, ಸ್ಪ್ರಿಂಗ್ ಇಲ್ಲ," ಎಂದರು ನಿಧಾನವಾಗಿ. "ತೊಂಬತ್ತೆಂಟರಾಗ ಪೆಟ್ರೋಲ್ ಮುಚ್ಚಳಕ್ಕ ಇದನ್ನs ಬರದು ಕೊಟ್ಟಿದ್ದೆ ನಾನು. ಎಂಟು ಪಾರ್ಟ್ ಯಾಕ ಬೇಕು, ಒಂದು ಸಾಕು ಅಂತ. ನಮ್ಮ ಬಾಸ್ ನಕ್ಕ. ‘ಮಿಶಿಗನ್ ಚಳಿಗೆ ಮುರೀತೈತಿ, ಗಿರಾಕಿ ಜಗ್ಗಿದ್ರ ಮುರೀತೈತಿ’ ಅಂದ. ಅವತ್ತಿನಿಂದ ನಾನೂ ಅದನ್ನs ಎಲ್ಲಾರ ಮುಂದ ಹೇಳಿಕೊಂತ ಬಂದೆ."

ಮುಚ್ಚಳವನ್ನು ಇನ್ನೊಮ್ಮೆ ಮುಚ್ಚಿ ತೆರೆದರು.

"ಛಲೋ ಮಾಡ್ಯಾರ, ಮಕ್ಕಳು," ಎಂದರು ಅಂಕಲ್.

ಗೆದ್ದೆ! ನನ್ನ ಪ್ರತಿಜ್ಞೆ ಗೆದ್ದಿತ್ತು! ಕುಣಿಯಬೇಕೆಂದಿದ್ದ ಕಾಲುಗಳು ಯಾಕೋ ಕುಣಿಯಲಿಲ್ಲ. ಮೆಲ್ಲಗೆ ಕೇಳಿದೆ, "ಹಾಗಾದ್ರೆ ನಿಮ್ಮ ಲೆಕ್ಕಾಚಾರ ಆವತ್ತೇ ಸರಿ ಇತ್ತಲ್ಲ ಅಂಕಲ್?"

"ಹಂಗ ಬಾಯಿಲೆ ಅನ್ನಾಕ ಬರೂದಿಲ್ಲ ತಂಗಿ. ಟೆಸ್ಟ್ ಆಗಬೇಕು." ಅವರ ಕಣ್ಣು ನನ್ನ ಕೋಟಿನ ಜೇಬಿನ ಮೇಲೆ ಬಿತ್ತು. ಬಾಗಿದ ಸಟ್ಟುಗದ ಹಿಡಿ ಅಲ್ಲಿಂದ ಇಣುಕುತ್ತಿತ್ತು. "ಅದೇನದು?"

ಮುಚ್ಚಿಡಲು ಹೋದೆ. ಮಾನ್ಯಾ ಬಿಡಬೇಕಲ್ಲ! "ಅಮ್ಮಾ ಯೂಸ್ಡ್ ಇಟ್ ಆನ್ ದ ಕಾರ್. ಫಾರ್ ಹಾಫ್ ಆ್ಯನ್ ಅವರ್!"

ಶ್ರೀಕಾಂತ್ ಎದೆ ಹಿಡಿದುಕೊಂಡರು. ಅಂಕಲ್ ಸಟ್ಟುಗವನ್ನು ಬೆಳಕಿಗೆ ಹಿಡಿದು, ಅದರ ಬಾಗನ್ನು ಬೆರಳಲ್ಲಿ ಸವರಿದರು. ಮೂವತ್ತೊಂದು ವರ್ಷ ಇಂಜಿನಿಯರ್ ಆಗಿದ್ದವರ ಮುಖದಲ್ಲಿ ಮದುವೆ ಮನೆಯ ಕಳೆ ಬಂತು!

"ಒಂಬತ್ತು ಡಿಗ್ರಿಯೊಳಗ? ಅರ್ಧಾ ತಾಸು? ಸ್ಟೀಲ್ ಬಾಗಿದ್ರೂ ಮುಚ್ಚಳ ಮುರದಿಲ್ಲ? ಯವ್ವಾ, ನಮ್ಮ ಲ್ಯಾಬಿನಾಗ ರೋಬೋಟ್ ಇಟ್ಟು ಸಾವಿರ ಸಲ ಟೆಸ್ಟ್ ಮಾಡತಿದ್ವಿ. ನಿನ್ನಂಥಾ ಮಷೀನು ನಮ್ಮ ಹತ್ರ ಒಂದೂ ಇರಲಿಲ್ಲ!"

ಮೈಸೂರಿನ ಮಗಳು, ಎಂಎ ಪದವೀಧರೆ, ಚೀನಾ ಕಾರಿನ ವಕೀಲೆಯಾದ ನಾನು ಮಷೀನಾಗಿದ್ದೆ.

ಅಂಕಲ್ ಗ್ಯಾರೇಜಿನ ಬಾಗಿಲನ್ನು ಎತ್ತಿ, ತಮ್ಮ ಹೊಳೆಯುವ ಅಮೆರಿಕನ್ ಕಾರನ್ನು ಚಳಿಗೆ ಹೊರಗೆ ಬಿಟ್ಟು ಬಂದರು. ಒಳಗಿನಿಂದ ಒಂದು ಚೊಂಬು ನೀರು ತಂದು ಅದರ ಚಾರ್ಜಿಂಗ್ ಮುಚ್ಚಳದ ಮೇಲೆ ತಾವೇ ಸುರಿದರು. ಫೋನಿನ ಕ್ಯಾಮೆರಾ ತೆರೆದು ಶ್ರೀಕಾಂತ್ ಕೈಗಿತ್ತರು. ಆಮೇಲೆ ಸಟ್ಟುಗವನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

"ಒಂದು ಉಪಕಾರ ಮಾಡು ತಂಗಿ. ನಮ್ಮ ಬಾಸ್ ಫ್ಲೋರಿಡಾದಾಗ ಇನ್ನೂ ಗಟ್ಟಿ ಅದಾನ, ಅವಗ ವಿಡಿಯೋ ಕಳಸೂದೈತಿ. ಹತ್ತು ನಿಮಿಷ ಬಿಟ್ಟು ನಮ್ಮದಕ್ಕೂ ಮೀಟು. ಇದಕ್ಕ ಹದಿನಾಲ್ಕು ಪಾರ್ಟ್ ಅದಾವು, ಮೇಲೊಂದು ಮೋಟರ್. ಕೈ ಹಿಂದ ತಗೀಬ್ಯಾಡ, ಆ ಕಾರಿಗೆ ಹೆಂಗ ಹೊಡದಾಡಿದಿ ಹಂಗs ಹೊಡದಾಡು!"