ಭಾವನ ರೋಟಾದಲ್ಲಿ ಶಾಂತಿ

ಇಸ್ರೇಲಿಯರ ಮತ್ತು ಪ್ಯಾಲೆಸ್ತೀನಿಯರ ಶಾಂತಿ ಮಾತುಕತೆಗೆ ನಮ್ಮ ಭಾವನನ್ನು ಇದುವರೆಗೆ ಯಾರೂ ಕರೆದಿಲ್ಲ. ಅದು ಲೋಕದ ತಪ್ಪು ಎಂದು ಅವರು ನಂಬಿದ್ದಾರೆ.

ಅಕ್ಕನ ಗಂಡನಾದ ಇವರು ಇಂಗ್ಲೆಂಡಿನ ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಹಿರಿಯ ಡಾಕ್ಟರು. ಅದೇ ವಾರ್ಡಿನಲ್ಲಿ ನಾನು ನರ್ಸ್. ಯಾರು ಯಾವ ಪಾಳಿಗೆ ಬರಬೇಕೆಂಬ ರೋಟಾ ಬರೆಯುವುದು ಬೇರೆಯವರಿಗೆ ಶಿಕ್ಷೆ, ಭಾವನಿಗೆ ವರ. ಪ್ರಪಂಚದ ಜಗಳಗಳೆಲ್ಲ ರೋಟಾ ಸರಿಯಿಲ್ಲದೆ ಹುಟ್ಟಿದವು ಎನ್ನುತ್ತಾರೆ. ಮನೆಯ ಫ್ರಿಜ್ಜಿನ ಮೇಲೂ ಒಂದಿದೆ: ಪಾತ್ರೆ, ಕಸ, ಟಿವಿ ರಿಮೋಟ್. ಯುಗಾದಿ ಊಟಕ್ಕೆ ಸಾರು ಯಾರದೆಂದು ಎರಡು ಗುಂಪಾಗಿದ್ದ ಇಲ್ಲಿನ ಕನ್ನಡಿಗರನ್ನು ರೋಟಾ ಹಾಕಿಯೇ ಒಂದು ಮಾಡಿದರು. ಆ ವರ್ಷ ಎರಡು ಸಾರು ಬಂತು, ಅನ್ನ ಬರಲಿಲ್ಲ!

ನಮ್ಮ ವಾರ್ಡಿನಲ್ಲಿ ಇಸ್ರೇಲಿನ ಹೈಫಾದ ಡಾಕ್ಟರಮ್ಮ ಒಬ್ಬರು, ಗಾಜಾದ ಡಾಕ್ಟರು ಒಬ್ಬರು. ಇಬ್ಬರಿಗೂ ಕೆಲಸ ಕಲಿಸಿದವರು ಭಾವ. ಬ್ರೂಮ್‌ಹಿಲ್ ಬಡಾವಣೆಯಿಂದ ಇಬ್ಬರೂ ಒಂದೇ ಕಾರಿನಲ್ಲಿ ಬರುತ್ತಿದ್ದರು. ಯುದ್ಧ ಶುರುವಾಯಿತು. ಆಕೆಯ ಅಣ್ಣನ ಮಗ ಸತ್ತ. ಗಾಜಾದ ಡಾಕ್ಟರ ಮನೆಯವರ ಫೋನು ನಿಂತಿತು. ಕಾರು ಎರಡಾಯಿತು. ಭಾವನ ಹತ್ತಿರ ಬೇರೆಬೇರೆಯಾಗಿ ಬಂದ ಇಬ್ಬರೂ ಕೇಳಿಕೊಂಡದ್ದು ಒಂದನ್ನೇ: ನಮ್ಮನ್ನು ಒಟ್ಟಿಗೆ ಹಾಕಬೇಡಿ.

ಮೂರು ದಿನ ಭಾವ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಕೂತು ಬರೆದರು: ಒಬ್ಬರಿಗೆ ಹಗಲು, ಇನ್ನೊಬ್ಬರಿಗೆ ರಾತ್ರಿ.

“ನೋಡು, ಇದೇ ಶಾಂತಿ,” ಎಂದರು.

“ಶಾಂತಿ ಅಲ್ಲ ರೀ, ಬರೀ ಶಿಫ್ಟು,” ಎಂದಳು ಅಕ್ಕ.

ಭಾವ ಮರೆತದ್ದು ಒಂದಿತ್ತು. ಪಾಳಿ ಮುಗಿಸಿದವರು ಹೊಸದಾಗಿ ಬಂದವರಿಗೆ ಪ್ರತಿ ರೋಗಿಯ ವಿಷಯವನ್ನೂ ಕೂತು ಹೇಳಿಯೇ ಹೋಗಬೇಕು, ಅದೇ ಹ್ಯಾಂಡೋವರ್. ದೂರ ಇಡಬೇಕಾದವರನ್ನು ದಿನಕ್ಕೆರಡು ಸಲ ಎದುರುಬದುರು ಕೂರಿಸಿಬಿಟ್ಟಿದ್ದರು! ಇಷ್ಟು ವರ್ಷ ರೋಟಾ ಬರೆದವರಿಗೆ ಇದು ಹೊಳೆಯಬಾರದೇ? ಕೇಳಿದರೆ ಕನ್ನಡಕ ಒರೆಸಿಕೊಂಡು, ಈ ತಿಂಗಳ ರೋಟಾ ಎಲ್ಲರಿಗೂ ಹೋಗಿಬಿಟ್ಟಿದೆ ಎಂದರು.

ಮೊದಲ ವಾರ ಇಬ್ಬರೂ ಕಾಗದ ನೋಡಿಕೊಂಡೇ ಮಾತಾಡಿದರು. ಒಂದನೇ ಬೆಡ್, ಜ್ವರ ಇಳಿದಿದೆ. ನಾಲ್ಕನೇ ಬೆಡ್, ನೋವಿಗೆ ಔಷಧಿ ಕೊಟ್ಟಿದೆ. ಮೂರನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ, ನಾನು ಹ್ಯಾಂಡೋವರ್ ಕೋಣೆಯಲ್ಲೇ ಇದ್ದೆ. ಕೊನೆಯ ಬೆಡ್ಡಿನ ವಿಷಯ ಮುಗಿಯಿತು. ರಾತ್ರಿ ಪಾಳಿ ಮುಗಿಸಿದ್ದ ಆತ ಏಳಲಿಲ್ಲ. ಆಕೆ ಕಾಗದವನ್ನು ಎರಡು ಸಲ ಮಡಚಿದರು.

“ಅಮ್ಮನ ಸುದ್ದಿ ಬಂತಾ?”

ಆತ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಕೇಳಿದರು: “ನಿಮ್ಮ ಅಣ್ಣ ಹೇಗಿದ್ದಾರೆ?”

ನಾನು ಮೆಲ್ಲಗೆ ಹೊರಗೆ ಬಂದೆ. ಬಾಗಿಲಿಗೆ ಬೆನ್ನು ಕೊಟ್ಟು ಭಾವ ನಿಂತಿದ್ದರು. ಒಳಗೆ ಹೋಗಲು ಬಂದವರನ್ನೆಲ್ಲ ಕೈ ಅಡ್ಡ ಹಿಡಿದು ತಡೆಯುತ್ತಿದ್ದರು. ಕಣ್ಣು ಒದ್ದೆಯಾಗಿತ್ತು.

“ಹ್ಯಾಂಡೋವರ್ ಇನ್ನೂ ಮುಗಿದಿಲ್ಲ,” ಎಂದರು.