ಅಕ್ಕನ ರಿವಾಲ್ವರಿಗೆ ನಾನು ಬರೆದ ನಂಬರು

ನನಗೊಂದು ರೋಗವಿದೆ. ಹುಟ್ಟಿನಿಂದ ಬಂದದ್ದಲ್ಲ, ಮೆಟ್ರಿಕ್ ಪಾಸಾದ ದಿನ ಅಂಟಿಕೊಂಡದ್ದು. ಯಾರಾದರೂ ಏನಾದರೂ ಕೇಳಿದರೆ "ನನಗೆ ಗೊತ್ತಿಲ್ಲ" ಎನ್ನುವ ಎರಡು ಶಬ್ದ ನನ್ನ ಬಾಯಿಂದ ಹೊರಡುವುದಿಲ್ಲ. ತಪ್ಪು ಪೂರ್ತಿ ನನ್ನದೂ ಅಲ್ಲ. ನಮ್ಮ ಮನೆತನದಲ್ಲಿ ಇಂಗ್ಲಿಷು ಓದಿದವನು ನಾನೊಬ್ಬನೇ. ಹಾನಗಲ್ಲಿನ ಸಾಲೆಯಲ್ಲಿ ಮಾಸ್ತರನಾದ ಮೇಲಂತೂ ಬಳಗದವರ ಮನೆಗೆ ಬಂದ ಔಷಧದ ಬಾಟಲಿ, ಗಡಿಯಾರದ ಡಬ್ಬಿ, ಹೊಲಿಗೆ ಯಂತ್ರದ ಜೊತೆಗಿನ ಹಾಳೆ ಎಲ್ಲವೂ ಮೊದಲು ನನ್ನ ಮುಂದೆ ಬಂದು ಕೂಡುತ್ತಿದ್ದವು. ಚಿಕ್ಕಪ್ಪನ ಮಗಳ ಮದುವೆಗೆ ಯಾರೋ ಮುಂಬಯಿಯಿಂದ ಒಂದು ಡಬ್ಬಿ ತಂದಿದ್ದರು. ಅದರ ಮೇಲೆ ಎರಡು ಶಬ್ದ. ಎರಡನೆಯದು ಪೌಡರ್ ಎಂದು ನನಗೆ ಗೊತ್ತಿತ್ತು, ಮೊದಲನೆಯದು ಗೊತ್ತಿರಲಿಲ್ಲ. ಗೊತ್ತಿದ್ದ ಶಬ್ದವನ್ನೇ ಹಿಡಿದು, ಇದು ಮುಖಕ್ಕೆ ಹಚ್ಚುವುದು ಎಂದು ತೀರ್ಪು ಕೊಟ್ಟೆ. ಅಕ್ಷತೆ ಬೀಳುವ ಹೊತ್ತಿಗೆ ಮದುಮಗಳು ಘಮಘಮ ಎನ್ನುತ್ತಿದ್ದದ್ದು ನಿಜ. ಆದರೆ ಬೆವರು ಬಂದ ಹಾಗೆಲ್ಲ ಪೌಡರು ಗಂಜಿಯಾಗಿ, ಗಂಜಿ ಒಣಗಿ, ಊಟದ ಹೊತ್ತಿಗೆ ಆಕೆ ನಗಲಿಕ್ಕೂ ಬಾರದ ಹಾಗಾಯಿತು. ಅದು ಹಾಲಿನಲ್ಲಿ ಕುದಿಸಿ ತಿನ್ನುವ ಕಸ್ಟರ್ಡ್ ಪುಡಿ ಎಂದು ಮುಂಬಯಿಯವರೇ ಹೇಳಬೇಕಾಯಿತು. ಅಷ್ಟಾದರೂ ನನ್ನ ರೋಗ ಬಿಡಲಿಲ್ಲ.

ನನ್ನ ಅಕ್ಕ ಚನ್ನವ್ವನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ನಂಬುತ್ತಿದ್ದಳು, ಅದೇ ಆಕೆಯ ದೊಡ್ಡತನ. ಆಕೆಯನ್ನು ತಿಳವಳ್ಳಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಭತ್ತದ ಗದ್ದೆ, ದನಕರು, ಆಳುಕಾಳು ಎಲ್ಲ ಆಕೆಯ ತಲೆಯ ಮೇಲೆ ಬಂತು. ತಲೆ ಮಾತ್ರ ಬಗ್ಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಂತುಕೊಂಡೇ ಚಕ್ಕಡಿ ಹೊಡೆಯುತ್ತಿದ್ದಳು. ಮೊದಲು ನಕ್ಕ ಗಂಡಸರು ಆಮೇಲೆ ದಾರಿ ಬಿಡುವುದನ್ನು ಕಲಿತರು. ನಾನು ರಜೆಗೆ ಹೋದಾಗ ಹಿಂದೆ ಹುಲ್ಲಿನ ಮೇಲೆ ಕೂತು, ಎರಡೂ ಕೈಯಿಂದ ಚಕ್ಕಡಿಯ ಗೂಟ ಹಿಡಿದು, ಆಕೆಯನ್ನು ನೋಡುತ್ತಿದ್ದೆ. ಓದಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಅಕ್ಕನಂಥವರನ್ನು ಕಂಡದ್ದು ಆಕೆಯೊಬ್ಬಳನ್ನೇ.

ಆ ವರ್ಷ ಅಕ್ಕನ ಮೈದುನ ಬಸನಗೌಡ ಒಂದು ತಕರಾರು ತೆಗೆದ. ಹಿಂದಿನ ಸುಗ್ಗಿಯಲ್ಲಿ ಆಕೆಯ ಕಣದಿಂದ ಭತ್ತ ಕಳುವಾಗಿತ್ತು. ಹೆಣ್ಣುಮಗಳು ಕಣ ಕಾಯುವುದು ಆಗದ ಮಾತು, ಇನ್ನು ಮೇಲೆ ನಾನೇ ಕಾಯುತ್ತೇನೆ, ಬೆಳೆಯಲ್ಲಿ ಒಂದು ಪಾಲು ಕೊಟ್ಟರೆ ಸಾಕು ಎಂದ. ಕಾಯಲು ಬಂದವನು ಯಜಮಾನನಾಗಿಯೇ ಕೂಡುತ್ತಾನೆ ಎಂಬುದು ಅಕ್ಕನಿಗೆ ತಿಳಿಯದ್ದೇನಲ್ಲ. ಹಿರಿಯರು ಕೂತು ಮಾತಾಡಿದರು. ಸುಗ್ಗಿ ಶುರುವಾಗುವ ದಿನ ಹಾನಗಲ್ಲಿನ ಫೌಜದಾರರ ಎದುರು ಚನ್ನವ್ವ ಹತಾರ ಹಾರಿಸಿ ತೋರಿಸಿದರೆ ಕಣ ಆಕೆಯದು, ಇಲ್ಲದಿದ್ದರೆ ಬಸನಗೌಡನ ಕಾವಲು ಎಂದು ತೀರ್ಮಾನವಾಯಿತು. ಮನೆಯಲ್ಲಿ ಗಂಡನ ಹನ್ನೆರಡು ನಂಬರಿನ ಬಂದೂಕು ಇತ್ತು. ಆದರೆ ಅದಕ್ಕೆ ಎರಡು ಕೈ ಬೇಕು, ಅಕ್ಕನ ಒಂದು ಕೈಯಲ್ಲಿ ಯಾವಾಗಲೂ ಎತ್ತಿನ ಹಗ್ಗ. ಆದ್ದರಿಂದ ರಿವಾಲ್ವರಿಗೆ ಅರ್ಜಿ ಹಾಕಿದಳು. ಆಗಿನ್ನೂ ಮಹಾಯುದ್ಧ ಶುರುವಾಗಿರಲಿಲ್ಲ, ಪರವಾನಗಿಗೆ ಅಷ್ಟು ಬಿಗಿ ಇರಲಿಲ್ಲ, ಧಾರವಾಡದ ಕಲೆಕ್ಟರ್ ಸಾಹೇಬರು ಒಪ್ಪಿದರು. ಯಾವ ನಂಬರಿನದು ಎಂದು ಬರೆದು ಕಳಿಸಿರಿ ಎಂದು ಕಾಗದ ಬಂತು, ಜೊತೆಗೆ ಹುಬ್ಬಳ್ಳಿಯ ಅಂಗಡಿಯ ಇಂಗ್ಲಿಷ್ ಪಟ್ಟಿಯೂ ಬಂತು. ಎರಡೂ ಎಲ್ಲಿಗೆ ಬರಬೇಕೋ ಅಲ್ಲಿಗೇ, ನನ್ನ ಮುಂದೆಯೇ, ಬಂದವು.

ಪಟ್ಟಿಯಲ್ಲಿ ಎರಡು ಜಾತಿ ಇದ್ದವು. ಒಂದು, ಕೆಳಗಿನ ಬಿಲ್ಲನ್ನು, ಅಂದರೆ ಟ್ರಿಗರನ್ನು, ಬೆರಳಿನಿಂದ ಒತ್ತಿದರೆ ಸಾಕು, ಹಾರುತ್ತದೆ. ಇನ್ನೊಂದರಲ್ಲಿ ಪ್ರತಿ ಗುಂಡಿಗೂ ಹಿಂದುಗಡೆಯ ಕೊಕ್ಕೆಯನ್ನು, ಕುದುರೆ ಎನ್ನುತ್ತಾರಲ್ಲ ಅದನ್ನು, ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿ, ಆಮೇಲೆ ಬಿಲ್ಲು ಒತ್ತಬೇಕು. ಚಿತ್ರವಿದ್ದದ್ದರಿಂದ ಇಷ್ಟನ್ನು ನಾನು ಸರಿಯಾಗಿಯೇ ಹೇಳಿದೆ. ಎರಡನೆಯದು ಹಳೇ ಪದ್ಧತಿ, ತಡ ಎಂದೂ ಹೇಳಿದೆ. ಅಕ್ಕ ಆ ಚಿತ್ರದ ಮೇಲೆ ಬೆರಳಿಟ್ಟು ಹೇಳಿದಳು:

"ಪ್ರತಿ ಸಲ ಕುದುರಿ ಎಳೀಬೇಕಂದ್ರ, ಪ್ರತಿ ಸಲ ವಿಚಾರ ಮಾಡಾಕ ಒಂದು ಗಳಿಗಿ ಸಿಗತೈತಿ. ಅದ ಇರಲಿ ತಮ್ಮಾ. ನಂಬರ ಮಾತ್ರ ಸಣ್ಣದು ನೋಡಿ ಬರಿ, ನನ್ನ ಕೈಗೆ ಹೊಂದಬೇಕು."

ನಂಬರುಗಳು ಮೂರಿದ್ದವು: ಮೂವತ್ತೆರಡು, ಮೂವತ್ತೆಂಟು, ನಲವತ್ತೈದು. ಮೂರರ ಎಡಕ್ಕೂ ಒಂದೊಂದು ಚುಕ್ಕೆ. ಚುಕ್ಕೆ ಯಾಕೆಂದು ಅಕ್ಕ ಕೇಳಿದಳು. ಅದು ಸಾಹೇಬರ ಪದ್ಧತಿ ಎಂದು ಬಾಯಿ ಮುಚ್ಚಿಸಿದೆ. ಸಣ್ಣದು ಯಾವುದೆಂದು ನಾನು ಯೋಚಿಸದೇ ಇರಲಿಲ್ಲ, ಯೋಚಿಸಿದ್ದೇ ಕೆಟ್ಟದ್ದಾಯಿತು. ಮನೆಯ ಬಂದೂಕು ಹನ್ನೆರಡು ನಂಬರು, ದಪ್ಪ ನಳಿಗೆ. ಹಿರೇಕೆರೂರಿನ ನೆಂಟರದು ಹದಿನಾರು ನಂಬರು, ಸಪೂರ ನಳಿಗೆ. ಸೀರೆಯ ನೂಲನ್ನೇ ನೋಡಿರಿ. ನಲವತ್ತರ ನೂಲು ಒರಟು, ಎಂಬತ್ತರದು ನಯ. ನಮ್ಮ ಸೀಮೆಯಲ್ಲಿ ಇದು ಅಕ್ಷರ ಬಾರದವರಿಗೂ ಗೊತ್ತು, ನಂಬರು ಏರಿದ ಹಾಗೆ ವಸ್ತು ಸಣ್ಣದಾಗುತ್ತದೆ. ಹಾಗಾದರೆ ಮೂರರಲ್ಲಿ ಅತಿ ಸಣ್ಣದು ನಲವತ್ತೈದು. ನನ್ನ ಬುದ್ಧಿಗೆ ನಾನೇ ಮೆಚ್ಚಿ, ದುಂಡಗೆ ಬರೆದು, ಅಂಚೆಗೆ ಹಾಕಿದೆ. ಧಾರವಾಡದಲ್ಲಿ ಮುದ್ರೆ ಬಿತ್ತು.

ಹುಬ್ಬಳ್ಳಿಯವರು ರಿವಾಲ್ವರನ್ನು ಶಿಗ್ಗಾವಿಯ ಇಮಾಮಸಾಬರ ಅಂಗಡಿಗೆ ಕಳಿಸಿದ್ದರು. ಇಮಾಮಸಾಬರು ಸವಣೂರಿನ ದೊಡ್ಡ ಮನೆಗಳ ಬಂದೂಕುಗಳನ್ನು ರಿಪೇರಿ ಮಾಡುತ್ತ ಗಡ್ಡ ಬೆಳ್ಳಗಾದವರು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಸುಗ್ಗಿಗೆ ಎಂಟು ದಿನ ಇರುವಾಗ ಅಕ್ಕನೂ ನಾನೂ ಮೋಟಾರು ಹಿಡಿದು ಹೋದೆವು. ಉಸ್ತಾದರು ಸುತ್ತಿದ್ದ ಬಟ್ಟೆ ಬಿಚ್ಚಿ ರಿವಾಲ್ವರನ್ನು ಮೇಜಿನ ಮೇಲೆ ಇಟ್ಟರು. ಕುಟ್ಟುವ ಕಲಬತ್ತಿನಷ್ಟು ಭಾರದ ವಸ್ತು. ಅದರ ನಳಿಗೆಯಲ್ಲಿ ನನ್ನ ಕಿರುಬೆರಳು ಸಲೀಸಾಗಿ ಹೋಗುವಂತಿತ್ತು. ಅಕ್ಕಾರಿಗೆ ಇಷ್ಟು ದೊಡ್ಡದನ್ನು ಆರಿಸಿದವರು ಯಾರು ಎಂದು ಉಸ್ತಾದರು ಕೇಳಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಲಕ್ಷ್ಯಗೊಟ್ಟು ನೋಡತೊಡಗಿದೆ.

ಉಸ್ತಾದರು ನಗಲಿಲ್ಲ, ಅದಕ್ಕೆ ಇಂದಿಗೂ ಅವರಿಗೆ ಋಣಿಯಾಗಿದ್ದೇನೆ. ಸಾಲೆಯ ಹುಡುಗನಿಗೆ ಹೇಳುವ ಹಾಗೆ ತಿಳಿಸಿದರು. ಬಂದೂಕಿನ ನಂಬರೆಂದರೆ ಒಂದು ಪೌಂಡು ಸೀಸದಲ್ಲಿ ಆ ನಳಿಗೆಗೆ ಹೊಂದುವ ಎಷ್ಟು ಗುಂಡು ಕಟ್ಟಬಹುದು ಎಂಬ ಲೆಕ್ಕ. ಒಂದೇ ಹಿಟ್ಟಿನಲ್ಲಿ ಹನ್ನೆರಡು ಉಂಡೆ ಕಟ್ಟಿದರೆ ದೊಡ್ಡವು, ಹದಿನಾರು ಕಟ್ಟಿದರೆ ಸಣ್ಣವು. ರಿವಾಲ್ವರಿನ ನಂಬರು ಹಾಗಲ್ಲ, ಅದು ತೂತಿನ ಅಳತೆ, ಒಂದು ಇಂಚನ್ನು ನೂರು ಪಾಲು ಮಾಡಿ ಅದರಲ್ಲಿ ನಲವತ್ತೈದು ಪಾಲು. ಎಡಗಡೆಯ ಚುಕ್ಕೆ ಹೇಳುವುದು ಇದನ್ನೇ. ದಶಾಂಶದ ಚುಕ್ಕೆಯನ್ನು ನಾನು ವರ್ಷಕ್ಕೆ ಮೂರು ತಿಂಗಳು ಐದನೆಯ ಇಯತ್ತೆಗೆ ಕಲಿಸುತ್ತಿದ್ದೆ. ಭೂಮಿ ಬಾಯಿಬಿಟ್ಟರೆ ಇಳಿದುಬಿಡೋಣ ಎನಿಸಿತು. ನಂಬರು ಬದಲಿಸಬೇಕೆಂದರೆ ಕಾಗದ ಮತ್ತೆ ಧಾರವಾಡಕ್ಕೆ ಹೋಗಿ ಬರಬೇಕು, ಅಷ್ಟರಲ್ಲಿ ಕಣದಲ್ಲಿ ಬಸನಗೌಡ ಕಂಬಳಿ ಹಾಸಿರುತ್ತಾನೆ. ನನ್ನ ಒಣಜಂಬಕ್ಕೆ ಅಕ್ಕನ ಬೆಳೆ ಹೋಗುವ ಹಾಗಾಯಿತು.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. ರಿವಾಲ್ವರನ್ನು ಕೈಗೆ ತೆಗೆದುಕೊಂಡು, ತೂಗಿ ನೋಡಿ, ಹಾರಿಸಿದಾಗ ಏನಾಗುತ್ತದೆ ಎಂದಷ್ಟೇ ಕೇಳಿದಳು. ಮೂತಿ ಮೇಲಕ್ಕೆ ಜಿಗಿಯುತ್ತದೆ, ಬಿಗಿಹಿಡಿದು ತಡೆಯಲು ಹೋದವರ ಮಣಿಕಟ್ಟು ಮುರಿಯುತ್ತದೆ, ಹಿಡಿಕೆ ಬಾಗಿದ್ದು ಅದಕ್ಕೇ, ಅಂಗೈಯಲ್ಲಿ ತಾನೇ ಹೊರಳಲು ಬಿಡಬೇಕು ಎಂದರು ಉಸ್ತಾದರು. ಅಕ್ಕನ ಮುಖ ಅರಳಿತು.

"ಎತ್ತು ಜಗ್ಗಿದಾಗ ಹಗ್ಗ ಬಿಟ್ಟು ಹಿಡಿಯೂದು ಇರತೈತಲ್ರಿ, ಹಂಗ. ಬಿಗಿ ಹಿಡದ್ರ ರಟ್ಟಿ ಕಿತ್ತು ಬರತೈತಿ."

ಉಸ್ತಾದರು ಗಡ್ಡದ ಮೇಲೆ ಕೈಯಾಡಿಸಿ, ನಲವತ್ತು ವರ್ಷದಲ್ಲಿ ಯಾವ ಸರದಾರನೂ ಇದನ್ನು ಇಷ್ಟು ಬೇಗ ತಿಳಿದುಕೊಂಡಿರಲಿಲ್ಲ ಎಂದರು. ಮರಳುವಾಗ ಮೋಟಾರಿನಲ್ಲಿ ಅಕ್ಕ ಒಂದೇ ಮಾತು ಆಡಿದಳು: "ಗೊತ್ತಿಲ್ಲ ಅಂದಿದ್ರ ನಾ ಏನೂ ಅಂತಿದ್ದಿಲ್ಲೋ ತಮ್ಮಾ." ಬೈದಿದ್ದರೆ ಚಲೋ ಇತ್ತು.

ಎಂಟು ದಿನ ಆಕೆ ಖಾಲಿ ರಿವಾಲ್ವರಿನ ಕುದುರೆ ಎಳೆಯುತ್ತ, ಮೆಲ್ಲಗೆ ಇಳಿಸುತ್ತ ಅಭ್ಯಾಸ ಮಾಡಿದಳು. ಒಂದು ರೊಟ್ಟಿ ಬೇಯುವಷ್ಟರಲ್ಲಿ ನಾಲ್ಕು ಸಲ. ಗೊತ್ತುಮಾಡಿದ ದಿನ ಮುಂಜಾನೆ ಕಣದ ಬದುವಿನ ಮೇಲೆ ಒಂದು ಗಡಿಗೆ ಇಟ್ಟರು. ಫೌಜದಾರರು ಕುರ್ಚಿಯಲ್ಲಿ, ಹಿರಿಯರು ಕಂಬಳಿಯ ಮೇಲೆ, ಬಸನಗೌಡ ಮೀಸೆಯ ಹಿಂದೆ. ಫೌಜದಾರರು ರಿವಾಲ್ವರಿನ ಗಾತ್ರ ನೋಡಿ ಹುಬ್ಬೇರಿಸಿ, ಇದನ್ನು ಆರಿಸಿದ್ದು ಯಾರೆಂದು ವಿಚಾರಿಸಿದರು. ಮಾಸ್ತರರೆಂದು ತಿಳಿದಾಗ, ಹಾಗಾದರೆ ಮೊದಲ ಗುಂಡು ಮಾಸ್ತರರದೇ ಆಗಲಿ ಎಂದರು. ನನ್ನ ರೋಗ ನಿಮಗೆ ಗೊತ್ತೇ ಇದೆ. ಬರುವುದಿಲ್ಲ ಎನ್ನಲಿಲ್ಲ. ಅಕ್ಕ ಕಣ್ಸನ್ನೆಯಲ್ಲಿ ಸಡಿಲ, ಸಡಿಲ ಎಂದಳು. ನಾನು ಪ್ರಾಣ ಹಿಡಿದ ಹಾಗೆ ಹಿಡಿದೆ, ಅದೂ ಮೂಗಿನ ಹತ್ತಿರ. ಗುಡುಗಿದ್ದು ಕೇಳಿಸಿತು. ಕಣ್ಣು ಬಿಟ್ಟಾಗ ಗದ್ದೆಯ ಕೆಸರಿನಲ್ಲಿ ಕೂತಿದ್ದೆ, ಹಣೆಯ ಮೇಲೆ ಒಂದು ಸೀಳು, ಲಿಂಬೆಹಣ್ಣಿನಷ್ಟು ಗುಬಟು. ಗಡಿಗೆ ಇದ್ದಲ್ಲೇ ಇತ್ತು. ಬಸನಗೌಡ ನಕ್ಕ ನಗು ಊರಿಗೆಲ್ಲ ಕೇಳಿಸಿರಬೇಕು.

ಅಕ್ಕ ಬಂದು ನನ್ನ ಕೈಯಿಂದ ರಿವಾಲ್ವರ್ ತೆಗೆದುಕೊಂಡಳು. ಹೆಬ್ಬೆರಳಿನಿಂದ ಕುದುರೆ ಎಳೆದಳು. ಚಕ್ಕಡಿಯ ಮೇಲೆ ನಿಂತ ಹಾಗೆಯೇ ನಿಂತಿದ್ದಳು. ಗುಂಡು ಹಾರಿತು, ಮೂತಿ ಮೇಲೆದ್ದಿತು, ಕೈ ಅದರ ಜೊತೆ ಹೋಗಿ ತಿರುಗಿ ಕೆಳಗೆ ಬಂತು. ಗಡಿಗೆ ಇರಲಿಲ್ಲ. ಅಕ್ಕ ಮತ್ತೆ ಕುದುರೆ ಎಳೆದು, ಬಸನಗೌಡನ ಕಡೆಗಲ್ಲ, ಬದುವಿನ ಕಡೆಗೇ ನೋಡಿ, ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಕೆಳಗಿಳಿಸಿದಳು.

"ಗಡಿಗಿ ಒಡದಾತಲ್ರಿ. ಇನ್ನೊಂದು ಗುಂಡು ಯಾಕ ಹಾಳು ಮಾಡೂದು?"

ಫೌಜದಾರರು ಎದ್ದು ನಿಂತು ತೀರ್ಮಾನದ ಕಾಗದಕ್ಕೆ ಮುದ್ರೆ ಒತ್ತಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಗುಬಟಿನ ನೋವಿಗೆ ಎಂದು ಹೇಳಿದೆ. ಆ ಸುಗ್ಗಿಯಲ್ಲಾಗಲಿ, ಮುಂದಿನ ಎಷ್ಟೋ ಸುಗ್ಗಿಗಳಲ್ಲಾಗಲಿ ಆಕೆಯ ಕಣದಿಂದ ಒಂದು ತೆನೆ ಹೋಗಲಿಲ್ಲ, ಆಕೆ ಎರಡನೆಯ ಗುಂಡನ್ನೂ ಹಾರಿಸಲಿಲ್ಲ. ಇಷ್ಟು ದೊಡ್ಡದು ಯಾಕೆ ತಂದಿರಿ ಎಂದು ಕೇಳಿದವರಿಗೆಲ್ಲ ಅಕ್ಕ, ನನ್ನ ತಮ್ಮ ತಿಳಿದವನು, ಅವನೇ ಆರಿಸಿಕೊಟ್ಟ ಎನ್ನುತ್ತಿದ್ದಳು. ಹೀಗೆ ನಾನು ನಾಲ್ಕು ತಾಲೂಕಿಗೆ ಹತಾರಗಳ ಪಂಡಿತನಾದೆ.

ಮರುವರ್ಷ ಹಿರೇಕೆರೂರಿನ ಕಡೆಯ ಗೌಡರೊಬ್ಬರು ಅಕ್ಕನ ಮನೆಗೇ ನನ್ನನ್ನು ಹುಡುಕಿಕೊಂಡು ಬಂದರು. ರಿವಾಲ್ವರ್ ತೆಗೆದುಕೊಳ್ಳಬೇಕಂತೆ, ಯಾವ ನಂಬರಿನದು ಆಗಬಹುದು ಎಂದು ಕೇಳಿದರು. ಅಕ್ಕ ಮೊರದಲ್ಲಿ ಅಕ್ಕಿ ಕೇರುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು. ಆ ಎರಡು ಶಬ್ದ ನಾಲಿಗೆಯ ತುದಿಗೆ ಬಂದದ್ದು ಸುಳ್ಳಲ್ಲ. ಆದರೆ ನಾನು ಹಣೆಯ ಗುರುತು ಕಾಣದಂತೆ ಟೋಪಿಯನ್ನು ಕೆಳಗೆ ಎಳೆದುಕೊಂಡು, ಗಂಭೀರನಾಗಿ ಕೇಳಿದೆ:

"ಗೌಡ್ರ, ನಿಮ್ಮ ಮನ್ಯಾಗ ಚಕ್ಕಡಿ ಯಾರು ಹೊಡೀತಾರ್ರಿ?"