ಹೆಣದ ಡಾಕ್ಟರರ ಸ್ಕಾಟಿಷ್ ಕುಣಿತ

ನನ್ನ ಭಾವನ ಕೈಗೆ ಸಿಕ್ಕ ಒಬ್ಬ ರೋಗಿಯೂ ಅವರ ಮೇಲೆ ದೂರು ಹೇಳಿದ್ದಿಲ್ಲ. ಹೇಳುವುದಾದರೂ ಹೇಗೆ? ಅವರ ಕೈಗೆ ಬರುವ ಹೊತ್ತಿಗೆ ಎಲ್ಲರೂ ಸತ್ತಿರುತ್ತಿದ್ದರು!

ಭಾವ ಪೋಸ್ಟ್‌ಮಾರ್ಟಮ್ ಮಾಡುವ ಡಾಕ್ಟರು. ಎಂಬತ್ತರ ದಶಕದಲ್ಲಿ ನಾನು ಪರದೇಶದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ಪ್ಲೆಸೆಂಟನ್‌ನ ಅಕ್ಕನ ಮನೆಯಲ್ಲಿ ಬಿಡಾರ ಹೂಡಿದ್ದೆ. ಊಟಕ್ಕೆ ಕರೆದರೆ ಅಲ್ಲಿನ ಕನ್ನಡದವರು ಬರುತ್ತಿದ್ದರು, ಆದರೆ ಭಾವನ ಎದುರು ಕೂರುತ್ತಿರಲಿಲ್ಲ. ಒಮ್ಮೆ ಕೆಮ್ಮುತ್ತಿದ್ದ ಅತಿಥಿಯೊಬ್ಬರನ್ನು ಇವರು ಅಡಿಯಿಂದ ಮುಡಿಯವರೆಗೆ ಒಂದು ಸಲ ದಿಟ್ಟಿಸಿದರು, ಅಷ್ಟೇ. ಪುಣ್ಯಾತ್ಮ ಪಾಯಸಕ್ಕೂ ಕಾಯದೆ ಎದ್ದು ಹೋದರು!

ಇಂಥವರು ಪ್ರತಿ ಗುರುವಾರ ಸಂಜೆ ಚರ್ಚಿನ ಹಾಲಿನಲ್ಲಿ ಸ್ಕಾಟ್ಲೆಂಡಿನ ಜಾನಪದ ಕುಣಿತ ಕುಣಿಯುತ್ತಿದ್ದರು ಎಂದರೆ ನಂಬುತ್ತೀರಾ? ಅದೂ ನೆರಿಗೆಯ ಕಿಲ್ಟು ಉಟ್ಟು! ಮೈಸೂರಿನಿಂದ ಬಂದಿದ್ದ ಅಮ್ಮ ಮೊದಲ ಸಲ ನೋಡಿ ಕೈಯಲ್ಲಿದ್ದ ಸೌಟು ಬಿಟ್ಟರು.

"ಇದೇನೇ, ಅಳಿಯಂದ್ರು ಲಂಗ ಹಾಕ್ಕೊಂಡು ಹೊರಟಿದಾರೆ!"

"ಲಂಗ ಅಲ್ಲಮ್ಮ, ಕಿಲ್ಟು," ಎಂದು ಅಕ್ಕ ತಲೆ ತಗ್ಗಿಸಿದಳು.

"ಹೆಸರು ಏನಾದ್ರೇನು, ಮೊಣಕಾಲು ಕಾಣ್ತಿದೆಯಲ್ಲ!"

ಭಾವ ಗಂಭೀರವಾಗಿ ಹೇಳಿದರು: "ಅತ್ತೆ, ಇದಕ್ಕೆ ಎಂಟು ಗಜ ಬಟ್ಟೆ ಬೇಕು. ನಿಮ್ಮ ಸೀರೆಗಿಂತ ಒಂದೇ ಗಜ ಕಮ್ಮಿ."

ಅಕ್ಕ ನಾಚಿಕೆಯಿಂದ ಆ ಹಾಲಿನ ಕಡೆ ತಲೆ ಹಾಕಿದವಳಲ್ಲ. ಕುಣಿದ ಮೇಲೆ ಭಾವನಿಗೆ ಮಂಡಿನೋವು ಬರುತ್ತಿದ್ದುದರಿಂದ ಕಾರು ಓಡಿಸುವ ಭಾಗ್ಯ ನನ್ನದು. ಒಮ್ಮೆ ಫ್ರೀವೇಯಲ್ಲಿ ಕೇಳಿಯೇಬಿಟ್ಟೆ: "ಭಾವ, ನಿಮಗ್ಯಾಕೆ ಈ ಹುಚ್ಚು?"

"ದಿನವೆಲ್ಲ ಅಲ್ಲಾಡದವರನ್ನೇ ನೋಡ್ತೀನಿ ಕಣೋ. ವಾರಕ್ಕೊಂದು ಸಲ ಅಲ್ಲಾಡೋರನ್ನ ನೋಡಬೇಡ್ವಾ?"



ಕುಣಿತದಲ್ಲಿ ಅವರ ಜೊತೆಗಾತಿ ಎಪ್ಪತ್ತು ದಾಟಿದ ಗಿಡ್ಡ ಅಜ್ಜಿ. ಹುಡುಗಿಯಾಗಿದ್ದಾಗ ಸ್ಕಾಟ್ಲೆಂಡಿನ ಯಾವುದೋ ದ್ವೀಪದಿಂದ ಬಂದವರು. ಟೀ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ತಮ್ಮೂರಿನ ಕಥೆ ಹೇಳುತ್ತಿದ್ದರು. ಕಡಲಿನಲ್ಲಿ ಮುಳುಗಿ ಮೂರನೇ ದಿನ ಚೆಲುವಾಗಿಯೇ ದಡ ಸೇರುವ ಬೆಸ್ತರು, ಸೀಲ್ ಪ್ರಾಣಿಯ ಚರ್ಮ ಕಳಚಿಟ್ಟು ಹೆಂಗಸಾಗುವವರು! ಉಳಿದವರು ಕಣ್ಣೊರೆಸಿಕೊಂಡರೆ ಭಾವ ಕೈಯೆತ್ತುತ್ತಿದ್ದರು: "ಮೂರು ದಿನ ನೀರಿನಲ್ಲಿದ್ದ ಹೆಣ ಅಷ್ಟು ಸುಂದರವಾಗಿರಲು ಸಾಧ್ಯವಿಲ್ಲ."

ಅಜ್ಜಿ ಹೊಟ್ಟೆ ಹಿಡಿದು ನಗುತ್ತಿದ್ದರು. "ನನ್ನ ಕಥೆ ನಿಜ ಅಂತ ನಂಬಿ ಕೇಳುವವನು ಇವನೊಬ್ಬನೇ!"

ಒಂದು ಬುಧವಾರ ಆಸ್ಪತ್ರೆಯಲ್ಲಿ ಭಾವ ಹೊದಿಕೆ ಸರಿಸಿದರೆ, ಕೆಳಗಿದ್ದವರು ಅದೇ ಅಜ್ಜಿ.

ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಹೃದಯ ನಿಂತು ಮೂರು ದಿನವಾದ ಮೇಲೆ ಪಕ್ಕದ ಮನೆಯವರಿಗೆ ಗೊತ್ತಾಯಿತಂತೆ. ಭಾವ ಕತ್ತರಿಸುವ ಕೆಲಸವನ್ನು ಸಹೋದ್ಯೋಗಿಗೆ ಒಪ್ಪಿಸಿದರು, ಆದರೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

"ಯಾಕೆ ನಿಂತ್ರಿ? ನೋಡೋಕಾದ್ರೂ ಹೇಗಾಯ್ತು ನಿಮಗೆ?" ಎಂದಳು ಅಕ್ಕ, ರಾತ್ರಿ ಊಟದ ಹೊತ್ತಿಗೆ.

"ಮೂರು ದಿನ ಒಬ್ಬರೇ ಇದ್ರಲ್ಲ. ಇನ್ನೂ ಒಬ್ಬರನ್ನೇ ಬಿಡೋದು ಬೇಡ ಅನ್ನಿಸ್ತು." ಬಡಿಸಿದ್ದ ಅನ್ನ ಮುಟ್ಟದೆ ಎದ್ದರು.

ಮರುದಿನ ಗುರುವಾರ. ಭಾವ ಎಂದಿನಂತೆ ಕಿಲ್ಟು ಉಟ್ಟರು. ಅಕ್ಕನೂ ಚಪ್ಪಲಿ ಮೆಟ್ಟಿ ಕಾರಿನಲ್ಲಿ ಬಂದು ಕೂತಳು.

ಆ ಕುಣಿತದಲ್ಲಿ ಎಂಟು ಜನ ಎದುರುಬದುರು ನಿಲ್ಲಬೇಕು. ಇದ್ದವರು ಏಳು. ಒಬ್ಬರು ಕಡಿಮೆಯಾದರೆ ಆ ಜಾಗವನ್ನು ಹಾಗೇ ಬಿಟ್ಟು, ಯಾರೋ ಇದ್ದಾರೆ ಎಂಬಂತೆಯೇ ಕುಣಿಯುತ್ತಾರಂತೆ. ದೆವ್ವದ ಜೊತೆ ಕುಣಿಯುವುದು ಎಂದು ಅದಕ್ಕೆ ಹೆಸರು. ಆದರೆ ಅಂದು ಆ ಮಾತು ಯಾರ ಬಾಯಿಂದ ಬಂದೀತು? ಕಲಿಸುವಾಕೆ ಮೆಲ್ಲನೆ ಅಕ್ಕನನ್ನು ಕರೆದರು, "ನೀವು ನಿಲ್ಲುತ್ತೀರಾ?"

ಅಕ್ಕ ಬೇಡವೆಂದು ತಲೆಯಾಡಿಸಿದಳು. ನನ್ನ ಕಡೆ ತಿರುಗಿ, "ಇದೊಂದು ಅವರಿಬ್ಬರೇ ಕುಣೀಲಿ," ಎಂದಳು.

ಪಿಟೀಲು ಶುರುವಾಯಿತು. ಭಾವ ಗಾಳಿಗೆ ಕೈ ನೀಡಿದರು. ಗಿಡ್ಡ ಅಜ್ಜಿಗೆ ಎಟುಕುವ ಎತ್ತರಕ್ಕೆ ಸ್ವಲ್ಪ ಬಾಗಿ, ಮೆಲ್ಲನೆ ಸುತ್ತಿಸಿದರು. ಉಳಿದ ಆರು ಜನ ಆ ಖಾಲಿ ಜಾಗಕ್ಕೆ ತಗುಲದಂತೆ ಸರಿದು ದಾರಿ ಬಿಟ್ಟರು. ಕೊನೆಯಲ್ಲಿ ಜೊತೆಯವರಿಗೆ ತಲೆಬಾಗಬೇಕು. ಭಾವ ಬಾಗಿದವರು ಪಿಟೀಲು ನಿಂತರೂ ಏಳಲಿಲ್ಲ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟಳು.

"ಮುಂದಿನದಕ್ಕೆ ನಾನು ನಿಲ್ತೀನಿ ಕಣ್ರೀ. ಹೆಜ್ಜೆ ತಪ್ಪಿದ್ರೆ ಬೈಬೇಡಿ."